ಅಜ್ಜಿಯ ತುಳು, ಯೇಸುವಿನ ಅರಾಮ್ಯ: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ದೊಡ್ಡಪ್ಪ (ಬೇರೆಡೆಯಿಂದ ಬಂದ ಸಂದೇಶ): ಯೇಸುಸ್ವಾಮಿ ಮಾತನಾಡಿದ್ದೂ ಪ್ರಾರ್ಥಿಸಿದ್ದೂ ಇಬ್ರಿಯ (ಹೀಬ್ರೂ) ಭಾಷೆಯಲ್ಲಿ ಮಾತ್ರ. ‘ಯೇಸು’ ಎಂಬುದು ಗ್ರೀಕರು ಕೆಡಿಸಿದ ಹೆಸರು. ‘ಯೇಶುವಾ’ ಎಂದು ಕರೆದು ಇಬ್ರಿಯದಲ್ಲಿ ಮಾಡಿದ ಪ್ರಾರ್ಥನೆ ಮಾತ್ರ ಸಲ್ಲುತ್ತದೆ. ಹತ್ತು ಮಂದಿಗೆ ತಲುಪಿಸಿರಿ.

ದೊಡ್ಡಪ್ಪ: ಎಲ್ಲರೂ ಗಮನವಿಟ್ಟು ಓದಿ. ಬರುವ ಭಾನುವಾರ ಅಜ್ಜಿಗೆ 85 ತುಂಬುವ ಪ್ರಾರ್ಥನಾಕೂಟದಲ್ಲಿ ಕರ್ತನ ಪ್ರಾರ್ಥನೆಯನ್ನಾದರೂ ಇಬ್ರಿಯದಲ್ಲಿ ಹೇಳೋಣ ಎಂಬುದು ನನ್ನ ಅಭಿಪ್ರಾಯ. ಕನ್ನಡ ಲಿಪಿಯಲ್ಲಿ ಬರೆದು ಕಳುಹಿಸುತ್ತೇನೆ.

ಸಣ್ಣತ್ತೆ: ಒಳ್ಳೆಯ ಯೋಚನೆ ಅಣ್ಣ. ಮೂಲ ಭಾಷೆಗೆ ಇರುವ ಪಾವಿತ್ರ್ಯ ಅನುವಾದಕ್ಕೆ ಬಾರದು.

ನಾನು: ದೊಡ್ಡಪ್ಪ, ನಿಮ್ಮ ಭಕ್ತಿಯ ಬಗ್ಗೆ ನನ್ನಲ್ಲಿ ಎರಡು ಮಾತಿಲ್ಲ. ಆದರೂ ಈ ಸಂದೇಶಕ್ಕೆ ಉತ್ತರ ಕೊಡದೆ ಇರಲು ನನ್ನಿಂದಾಗುವುದಿಲ್ಲ, ಏಕೆಂದರೆ ಯಾರೋ ಇದನ್ನು ನಿನ್ನೆ ಅಜ್ಜಿಗೆ ಓದಿ ಹೇಳಿದ್ದಾರೆ. ರಾತ್ರಿ ಎಂದಿನಂತೆ ಮಂಚದ ಅಂಚಿನಲ್ಲಿ ಕುಳಿತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಪ್ರಾರ್ಥನೆಗೆ ಬಾಯಿ ತೆರೆದವರು ಅಲ್ಲಿಗೇ ನಿಲ್ಲಿಸಿ, “ಎನ್ನ ತುಳು ದೇವೆರೆಗ್ ಕೇಣುಜಾ?” ಎಂದು ನನ್ನನ್ನು ಕೇಳಿದರು. ನನ್ನ ತುಳು ದೇವರಿಗೆ ಕೇಳಿಸುವುದಿಲ್ಲವೇ ಎಂಬ ಪ್ರಶ್ನೆಯನ್ನು ಈ ವಯಸ್ಸಿನಲ್ಲಿ ಅವರ ಬಾಯಿಂದ ಬರಿಸಿದ ಸಂದೇಶ ಸುಳ್ಳಾಗಿರುವಾಗ ನಾನು ಸುಮ್ಮನಿರಲಾರೆ.

ಯೇಸುವಿನ ದಿನದ ಗಲಿಲಾಯದಲ್ಲಿ ಜನರ ಮನೆಮಾತು ಅರಾಮ್ಯ, ಇಬ್ರಿಯಕ್ಕೆ ನಂಟಿದ್ದರೂ ಬೇರೆಯೇ ಆದ ಭಾಷೆ. ಇದಕ್ಕೆ ದೂರದ ಸಾಕ್ಷಿ ಬೇಡ, ಅಜ್ಜಿಯ ದಿಂಬಿನ ಪಕ್ಕದಲ್ಲಿರುವ ಸತ್ಯವೇದವೇ ಸಾಕು. ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸು ಯಾಯೀರನ ಸತ್ತ ಮಗಳ ಕೈಹಿಡಿದು ಹೇಳಿದ “ತಲಿಥಾ ಕೂಮ್” (ಹುಡುಗಿಯೇ, ಏಳು) ಅರಾಮ್ಯ. ಶಿಲುಬೆಯ ಮೇಲೆ ಪ್ರಾಣ ಬಿಡುವ ಹೊತ್ತಿಗೆ ಕೂಗಿದ 22ನೆಯ ಕೀರ್ತನೆಯ ಮಾತನ್ನೂ ಮಾರ್ಕನು ಅರಾಮ್ಯದಲ್ಲೇ ಬರೆದಿಟ್ಟಿದ್ದಾನೆ, ಮೂಲ ಕೀರ್ತನೆ ಇಬ್ರಿಯದಲ್ಲಿದ್ದರೂ. ಎರಡೂ ಕಡೆ ಅವನು ಆ ಮಾತಿನ ಬೆನ್ನಿಗೇ ಗ್ರೀಕಿನಲ್ಲಿ ಅರ್ಥ ಹೇಳುತ್ತಾನೆ. ಅನುವಾದ ಅಪವಿತ್ರವಾಗಿದ್ದರೆ ಸುವಾರ್ತಿಕನು ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ದೊಡ್ಡಪ್ಪ: ಹಾಗಾದರೆ ಅಪೊಸ್ತಲರ ಕೃತ್ಯಗಳು 26:14 ಓದು. ದಮಸ್ಕದ ದಾರಿಯಲ್ಲಿ ಕರ್ತನು ಪೌಲನೊಡನೆ ಇಬ್ರಿಯ ಭಾಷೆಯಲ್ಲಿ ಮಾತನಾಡಿದನೆಂದು ಸ್ಪಷ್ಟವಾಗಿ ಬರೆದಿದೆ. ಸತ್ಯವೇದವೇ ಹೇಳಿದ ಮೇಲೆ ನಾವು ತಿದ್ದುವುದೇ?

ನಾನು: ಇದು ನಿಜವಾಗಿ ಉತ್ತರ ಬೇಡುವ ಪ್ರಶ್ನೆ. ಯೋಹಾನನ 19ನೆಯ ಅಧ್ಯಾಯವನ್ನೂ ಅದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ‘ಗಬ್ಬಥಾ’, ‘ಗೊಲ್ಗೊಥಾ’ ಎಂಬ ಸ್ಥಳನಾಮಗಳನ್ನು ‘ಇಬ್ರಿಯ ಭಾಷೆಯವು’ ಎಂದು ಹೇಳಿದೆ. ಆದರೆ ಅವು ಅರಾಮ್ಯ ಪದಗಳು. ಅಂದರೆ ಇಬ್ರಿಯ ಜನರು ಆಡುವ ಮಾತು ಎಂಬ ಅರ್ಥದಲ್ಲಿ ಅರಾಮ್ಯವನ್ನೂ ಆಗ ಅದೇ ಹೆಸರಿನಿಂದ ಕರೆಯುತ್ತಿದ್ದರು. ಹಳೆಯ ಒಡಂಬಡಿಕೆಯೂ ಪೂರ್ತಿ ಇಬ್ರಿಯವಲ್ಲ. ದಾನಿಯೇಲನ 2ನೆಯ ಅಧ್ಯಾಯದ 4ನೆಯ ವಚನದ ನಡುವಿನಿಂದ 7ನೆಯ ಅಧ್ಯಾಯದ ಕೊನೆಯವರೆಗೆ ಇರುವುದು ಅರಾಮ್ಯವೇ.

ಇಬ್ರಿಯ ಆಗ ಸತ್ತಿತ್ತೆಂದು ನಾನು ಹೇಳುತ್ತಿಲ್ಲ. 1947ರಿಂದ ಮೃತ ಸಮುದ್ರದ ಬಳಿಯ ಕುಮ್ರಾನಿನ ಗುಹೆಗಳಲ್ಲಿ ಸಿಕ್ಕ, ಯೇಸುವಿನ ಆಸುಪಾಸಿನ ಕಾಲದ ಸುರುಳಿಗಳಲ್ಲಿ ಹೆಚ್ಚಿನವು ಇಬ್ರಿಯದವು, ಯೆಹೂದ್ಯರ ಸಭಾಮಂದಿರದಲ್ಲಿ ಧರ್ಮಶಾಸ್ತ್ರವನ್ನು, ಎಂದರೆ ಮೋಶೆಯ ಐದು ಗ್ರಂಥಗಳನ್ನು, ಓದುತ್ತಿದ್ದದ್ದೂ ಇಬ್ರಿಯದಲ್ಲಿ. ಆದರೆ ಓದಿ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಯೆಹೂದ್ಯರ ಮಿಷ್ನಾ ಗ್ರಂಥದಲ್ಲಿ ಇದಕ್ಕೊಂದು ನಿಯಮವೇ ಇದೆ: ಧರ್ಮಶಾಸ್ತ್ರವನ್ನು ಓದುವವನು ಭಾಷಾಂತರಿಸುವವನಿಗೆ ಒಂದು ಸಲಕ್ಕೆ ಒಂದೇ ವಚನ ಓದಬೇಕು, ಪ್ರವಾದಿಗಳ ಗ್ರಂಥವಾದರೆ ಮೂರು ವಚನಗಳವರೆಗೆ ಓದಬಹುದು. ಒಂದು ವಚನ ಇಬ್ರಿಯದಲ್ಲಿ, ಕೂಡಲೇ ಅದು ಅರಾಮ್ಯದಲ್ಲಿ, ಮತ್ತೆ ಮುಂದಿನ ವಚನ. ಓದಿದ್ದು ಜನರಿಗೆ ತಿಳಿಯಲಿ ಎಂಬುದೇ ಇದರ ಉದ್ದೇಶ.

ತಂಗಿ: ಹೆಸರಿನ ವಿಷಯ ಹೇಳಲೇ ಇಲ್ಲ ಅಣ್ಣ. ‘ಯೇಸು’ ನಿಜವಾಗಿಯೂ ಗ್ರೀಕರು ಕೆಡಿಸಿದ್ದೇ?

ನಾನು: ಅಲ್ಲ. ಯೇಸು ಹುಟ್ಟುವುದಕ್ಕೆ ಮೊದಲೇ, ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಗ್ರೀಕ್ ಆಡುತ್ತಿದ್ದ ಯೆಹೂದ್ಯರು ತಮ್ಮ ಶಾಸ್ತ್ರವನ್ನು ಗ್ರೀಕಿಗೆ ತಂದಾಗ, ನೂನನ ಮಗನಾದ ಯೆಹೋಶುವನ ಹೆಸರನ್ನು (‘ಯೇಶುವಾ’ ಅದರದೇ ಮೊಟಕು ರೂಪ) ‘ಯೇಸೂಸ್’ ಎಂದು ಬರೆದರು. ಆ ರೂಪವನ್ನು ಮಾಡಿದವರು ಯೆಹೂದ್ಯರೇ. ಪೌಲನು ತನ್ನ ಪತ್ರಗಳಲ್ಲೆಲ್ಲ ಅದನ್ನೇ ಬರೆದ, ನಮ್ಮ ‘ಯೇಸು’ ಅದಕ್ಕೆ ತೀರ ಹತ್ತಿರದ್ದು.

ಸಣ್ಣತ್ತೆ: ಅದೆಲ್ಲ ಯೆಹೂದ್ಯರ ಪದ್ಧತಿಯಾಯಿತು. ಆದಿ ಕ್ರೈಸ್ತರು ಆರಾಧನೆಯಲ್ಲಿ ಒಂದೇ ಪವಿತ್ರ ಭಾಷೆಯನ್ನು ಇಟ್ಟುಕೊಂಡಿರಲಿಲ್ಲವೇ?

ನಾನು: ಅತ್ತೆ, ಇದಕ್ಕೆ ಕಣ್ಣಾರೆ ಕಂಡು ಬರೆದ ಹೆಂಗಸೊಬ್ಬರ ಸಾಕ್ಷ್ಯವಿದೆ, ನನಗೆ ಬಹಳ ಪ್ರಿಯವಾದದ್ದು. 380ರ ದಶಕದಲ್ಲಿ ಎಜೇರಿಯಾ ಎಂಬ ಯಾತ್ರಿಕರು ಯೆರೂಸಲೇಮಿಗೆ ಹೋಗಿ, ಅಲ್ಲಿನ ಆರಾಧನೆಯನ್ನು ಊರಿನ ಸಹೋದರಿಯರಿಗೆ ಲ್ಯಾಟಿನ್‌ನಲ್ಲಿ ಬರೆದರು. ಅದರ ಹಸ್ತಪ್ರತಿ 1884ರಲ್ಲಿ ಇಟಲಿಯ ಅರೆಝೋದಲ್ಲಿ ಸಿಕ್ಕಿತು. ಅಲ್ಲಿ ಬಿಷಪರು ಸಿರಿಯಾಕ್ ಬಲ್ಲವರಾಗಿದ್ದರೂ ಗ್ರೀಕಿನಲ್ಲೇ ಬೋಧಿಸುತ್ತಿದ್ದರಂತೆ. ಪಕ್ಕದಲ್ಲಿ ಸದಾ ಒಬ್ಬ ಗುರುಗಳು ನಿಂತು ಅದನ್ನು ಜನರಿಗಾಗಿ ಸಿರಿಯಾಕ್‌ನಲ್ಲಿ, ಎಂದರೆ ಅರಾಮ್ಯದ ಕವಲಿನಲ್ಲಿ, ಹೇಳುತ್ತಿದ್ದರಂತೆ. ಎರಡೂ ಬಾರದ ಲ್ಯಾಟಿನ್ ಜನರು ಮನನೊಂದು ಕೂರಬಾರದೆಂದು, ಗ್ರೀಕ್ ಮತ್ತು ಲ್ಯಾಟಿನ್ ಎರಡನ್ನೂ ಬಲ್ಲ ಸಹೋದರ ಸಹೋದರಿಯರು ಅವರಿಗೆ ವಿವರಿಸುತ್ತಿದ್ದರಂತೆ. ಯೇಸುವನ್ನು ಶಿಲುಬೆಗೆ ಹಾಕಿದ ಊರಿನಲ್ಲೇ, ಒಂದೇ ಆರಾಧನೆಯಲ್ಲಿ ಮೂರು ಭಾಷೆ! ಅಷ್ಟು ಹೊತ್ತಿಗೆ ರೋಮಿನಲ್ಲಿಯೂ ಮೊದಲಿದ್ದ ಗ್ರೀಕ್ ಹೋಗಿ ಜನರ ಲ್ಯಾಟಿನ್ ಬರುತ್ತಿತ್ತು.

ಆಮೆನ್, ಹಲ್ಲೆಲೂಯಾ ಎಂಬ ಇಬ್ರಿಯ ಮಾತುಗಳನ್ನು ಸಭೆ ಉಳಿಸಿಕೊಂಡಿದೆ, ನಾವೂ ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14ನೆಯ ಅಧ್ಯಾಯದಲ್ಲಿ ಪೌಲನು ಕೇಳುವುದು ಇದನ್ನೇ: ನೀನು ಹೇಳಿದ್ದು ತಿಳಿಯದವನು ಅದಕ್ಕೆ ಆಮೆನ್ ಎನ್ನುವುದಾದರೂ ಹೇಗೆ? ಭಾನುವಾರ ನಾವೆಲ್ಲ ಚೀಟಿ ನೋಡಿಕೊಂಡು ಅರ್ಥ ತಿಳಿಯದ ಇಬ್ರಿಯವನ್ನು ಓದಿದರೆ, ನಡುವೆ ಕುಳಿತ ಅಜ್ಜಿ ಯಾವುದಕ್ಕೆ ಆಮೆನ್ ಎನ್ನಬೇಕು?

ನಮ್ಮ ಮನೆಯ ರೂಢಿಯೂ ಆ ಕಾಲದ್ದನ್ನು ಹೋಲುತ್ತದೆ. ದೇವಾಲಯದಲ್ಲಿ ಓದುವುದು ಕನ್ನಡ, ಒಲೆಯ ಮುಂದೆ ಆಡುವುದು ತುಳು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕನ್ನಡವೊಂದೇ ಸಾಕೆಂದು ಬಿಡದೆ, 1847ರಲ್ಲಿ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಅಜ್ಜಿಯ ಪ್ರಾರ್ಥನೆಯ ಮಾತುಗಳು ಬಂದದ್ದು ಆ ದಾರಿಯಿಂದ.

ಸಣ್ಣತ್ತೆ: ಅಜ್ಜಿ ಹಾಗೆ ಕೇಳಿದರೆಂಬುದು ನನಗೆ ಗೊತ್ತಿರಲಿಲ್ಲ. ಅಣ್ಣ, ಇಬ್ರಿಯದ ಚೀಟಿ ಬೇಡ.

ದೊಡ್ಡಪ್ಪ: ಹೆಸರಿನ ವಿಷಯದಲ್ಲಿ ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ, ಸಭಾಪಾಲಕರನ್ನು ಕೇಳುತ್ತೇನೆ. ಆದರೆ ಆ ಸಂದೇಶವನ್ನು ಅಜ್ಜಿಗೆ ಓದಿ ಹೇಳಿದವನು ನಾನೇ. ಅವರು ಪ್ರಾರ್ಥನೆ ನಿಲ್ಲಿಸಿಯಾರು ಎಂದು ನನಗೆ ತೋಚಲಿಲ್ಲ. ಸಂಜೆ ಆರಕ್ಕೆ ಮನೆಗೆ ಬರುತ್ತೇನೆ; ಮಾರ್ಕನ 5ನೆಯ ಅಧ್ಯಾಯವನ್ನು ನಾನೇ ಅವರಿಗೆ ಓದುತ್ತೇನೆ. ಭಾನುವಾರ ಕರ್ತನ ಪ್ರಾರ್ಥನೆಯನ್ನು ಅವರೇ ತುಳುವಿನಲ್ಲಿ ಹೇಳಿಕೊಡಲಿ, ನಾವೆಲ್ಲ ಹಿಂದಿನಿಂದ ಹೇಳೋಣ.