ಸಿಮೆಟ್ರಿ ಹಾಕಿ ನೋಡಿದವರು ಅನುಭವ ಹೇಳಿ

ತುಂಗಾತೀರ: ಲಾಕ್ ಪ್ರೋಟೋಕಾಲ್ ಒಂದಕ್ಕೆ ಟಿಎಲ್‌ಎ ಪ್ಲಸ್ ಭಾಷೆಯಲ್ಲಿ ಸ್ಪೆಕ್ (ಅದು ಹೇಗೆ ನಡೆಯುತ್ತದೆ ಅನ್ನುವ ವಿವರಣೆ) ಬರೆದಿದ್ದೇನೆ. 3 ನೋಡ್ (ಕಂಪ್ಯೂಟರ್) ಇದ್ದರೆ, ಬರಬಹುದಾದ ಎಲ್ಲ ಸ್ಟೇಟ್‌ಗಳನ್ನೂ (ಸ್ಥಿತಿ) ಪರೀಕ್ಷಿಸುವ ಟಿಎಲ್‌ಸಿ 20 ನಿಮಿಷದಲ್ಲಿ ಮುಗಿಸುತ್ತದೆ. 4 ಮಾಡಿದೆ, ಎರಡು ದಿನ ಓಡಿ ಡಿಸ್ಕ್ ತುಂಬಿ ನಿಂತಿತು. ಸೇಫ್ಟಿ (ಕೆಟ್ಟದ್ದು ಎಂದೂ ಆಗಬಾರದು), ಲೈವ್‌ನೆಸ್ (ಆಗಬೇಕಾದ್ದು ಕೊನೆಗಾದರೂ ಆಗಬೇಕು) ಎರಡೂ ಬೇಕು. ಸಿಮೆಟ್ರಿ, ಅಂದರೆ ನೋಡ್‌ಗಳ ಹೆಸರು ಅದಲುಬದಲಾದ ಸ್ಟೇಟ್‌ಗಳನ್ನು ಒಂದೇ ಅಂತ ಎಣಿಸುವ ಉಪಾಯ, ಹಾಕಲೇ? ಮುಖ್ಯ ನೋಡನ್ನು (ಲೀಡರ್) ಟಿಎಲ್‌ಎ ಪ್ಲಸ್‌ನ ಚೂಸ್ ಅನ್ನುವ ಪದದಿಂದ ಆರಿಸುತ್ತಿದ್ದೇನೆ.

ಸಾಗರದವಳು: ಹಾಕಿ ಕೈ ಸುಟ್ಟುಕೊಂಡವಳು ನಾನು. ಲೀಸ್ (ಸ್ವಲ್ಪ ಕಾಲದ ಹಕ್ಕು) ಕೊಡುವ ಪ್ರೋಟೋಕಾಲ್, 4 ಕ್ಲೈಂಟ್. 4 ಕೋಟಿ ಸ್ಟೇಟ್ ಇದ್ದದ್ದು 18 ಲಕ್ಷಕ್ಕೆ ಇಳಿಯಿತು. ಖುಷಿಯಲ್ಲಿ ಲೈವ್‌ನೆಸ್ ಪ್ರಾಪರ್ಟಿಯನ್ನೂ ಅದೇ ಕಾನ್ಫಿಗ್‌ನಲ್ಲಿ ಬಿಟ್ಟೆ. ತಪ್ಪೇ ಇಲ್ಲ ಅಂತ ಬಂತು. ಆರು ವಾರ ಆದ ಮೇಲೆ ಪ್ರೊಡಕ್ಷನ್‌ನಲ್ಲಿ ಒಂದು ಕ್ಲೈಂಟ್ ಲೀಸ್‌ಗೆ ಕಾಯುತ್ತಲೇ ಉಳಿಯಿತು. ಹನ್ನೊಂದು ದಿನ ಕೋಡ್ ಜಾಲಾಡಿದೆ. ಅದರಲ್ಲಿ ಎರಡು ರಾತ್ರಿ ಮೂರು ಗಂಟೆಗೆ ಫೋನ್. ಕೊನೆಗೆ ನೋಡಿದರೆ ತಪ್ಪು ಸ್ಪೆಕ್‌ನಲ್ಲೇ ಇತ್ತು! ಸಿಮೆಟ್ರಿ ತೆಗೆದು 3 ಕ್ಲೈಂಟ್‌ಗೆ ಓಡಿಸಿದರೆ ನಾಲ್ಕು ನಿಮಿಷಕ್ಕೆ ಸಿಕ್ಕಿತು. ಎ ಕಾಯುವುದು, ಬಿ ಕಾಯುವುದು ಎರಡನ್ನೂ ಒಂದೇ ಸ್ಟೇಟ್ ಮಾಡಿದರೆ, ಯಾರು ಕಾಯುತ್ತಿದ್ದಾರೆ ಅನ್ನುವುದೇ ಅಳಿಸಿ ಹೋಗುತ್ತದೆ.

ಹಳೇಕೋಡ್: ಲೈವ್‌ನೆಸ್ ಜೊತೆ ಸಿಮೆಟ್ರಿ ಅಪಾಯ ಅಂತ ಟಿಎಲ್‌ಸಿ ತಾನೇ ಎಚ್ಚರಿಕೆ ಕೊಡುತ್ತದೆ. ಅದನ್ನು ಓದದೆ ಸಿಮೆಟ್ರಿಯನ್ನು ಬೈಯಬೇಡಿ. ನಾನು ಕ್ಯಾಷೆ ಕೊಹಿರೆನ್ಸ್‌ಗೆ (ಪ್ರೊಸೆಸರ್‌ಗಳ ಕ್ಯಾಷೆ ಮೆಮೊರಿಗಳಲ್ಲಿನ ಪ್ರತಿಗಳು ಒಂದಕ್ಕೊಂದು ತಾಳೆಯಾಗಿರಬೇಕು ಅನ್ನುವುದಕ್ಕೆ) ಮರ್ಫಿ ಅನ್ನುವ ಇಂಥದ್ದೇ ಪರೀಕ್ಷಕ ಬಳಸಿದವನು. ಅಲ್ಲಿ ಪ್ರೊಸೆಸರ್‌ಗಳನ್ನು ಸ್ಕೇಲರ್‌ಸೆಟ್ (ಸಿಮೆಟ್ರಿ ಇರುವ ಬಗೆ) ಅಂತ ಹೇಳಿದರೆ, ಅವುಗಳ ಮೇಲೆ ಕೂಡುವುದು, ದೊಡ್ಡದು ಚಿಕ್ಕದು ನೋಡುವುದು ಯಾವುದಕ್ಕೂ ಕಂಪೈಲರ್ ಬಿಡುವುದಿಲ್ಲ. ಟಿಎಲ್‌ಸಿ ಹಾಗಲ್ಲ, ನೀವು ಸಿಮೆಟ್ರಿ ಇದೆ ಅಂದರೆ ನಂಬಿಬಿಡುತ್ತದೆ. ನಮ್ಮ ಆರ್ಬಿಟರ್ (ಯಾರ ಸರದಿ ಅಂತ ತೀರ್ಮಾನಿಸುವ ಭಾಗ) ಚಿಕ್ಕ ನಂಬರಿನ ಪ್ರೊಸೆಸರ್‌ಗೆ ಮೊದಲು ಅವಕಾಶ ಕೊಡುತ್ತಿತ್ತು. ಅದನ್ನು ತೆಗೆದು, ಯಾರಿಗೆ ಬೇಕಾದರೂ ಕೊಡಬಹುದು ಅಂತ ಬರೆಯಲು ಮೂರು ವಾರ ಹಿಡಿಯಿತು. ಆಮೇಲೆ 5 ಪ್ರೊಸೆಸರ್ ಮುಗಿಯಿತು. ಮೊದಲು 3 ದಾಟುತ್ತಿರಲಿಲ್ಲ.

ಸಾಗರದವಳು: ಓದದೆ ಅಂತ ಹೇಗೆ ಹೇಳುತ್ತೀರಿ? ನಮ್ಮ ಸ್ಕ್ರಿಪ್ಟ್ ಕೊನೆಯ ಸಾಲು ಬಿಟ್ಟು ಏನೂ ತೋರಿಸುತ್ತಿರಲಿಲ್ಲ.

ಗಡಿಯಾರ: ಇಬ್ಬರೂ 24 ಪಟ್ಟು (4 ಜನರನ್ನು ಅದಲುಬದಲು ಮಾಡುವ ಬಗೆಗಳು), 120 ಪಟ್ಟು (5 ಜನರದು) ಉಳಿತಾಯ ಅನ್ನುವ ಆಸೆ ಹುಟ್ಟಿಸುತ್ತಿದ್ದೀರಿ. ನನ್ನದು ಸ್ಪಿನ್ ಅನ್ನುವ ಪರೀಕ್ಷಕ, ರಿಂಗ್‌ನಲ್ಲಿ (ಉಂಗುರದಂತೆ ಜೋಡಿಸಿದ) 6 ಪ್ರೋಸೆಸ್. 720 ಪಟ್ಟು ಉಳಿಯುತ್ತದೆ ಅಂದುಕೊಂಡಿದ್ದೆ. ಆದರೆ ರಿಂಗನ್ನು ತಿರುಗಿಸಬಹುದು ಅಷ್ಟೆ. ಯಾರನ್ನೋ ತೆಗೆದು ಎಲ್ಲೋ ಕೂರಿಸಿದರೆ ಪಕ್ಕದವನೇ ಬದಲಾಗುತ್ತಾನೆ. ಹೆಚ್ಚೆಂದರೆ 6 ಪಟ್ಟು! ಅಷ್ಟಕ್ಕೆ ಸ್ಪಿನ್‌ಗೆ ಸಿಮೆಟ್ರಿ ಸೇರಿಸುವ ಟಾಪ್‌ಸ್ಪಿನ್ ಕೂರಿಸಿ, ಸ್ಪಿನ್‌ನ ಭಾಷೆ ಪ್ರೊಮೆಲಾದಲ್ಲಿ ಬರೆದದ್ದನ್ನು ತಿದ್ದಿ ಒಂದು ತಿಂಗಳು ಹೋಯಿತು. ಪಾರ್ಷಿಯಲ್ ಆರ್ಡರ್ ರಿಡಕ್ಷನ್ ಸ್ಪಿನ್‌ನಲ್ಲಿ ಮೊದಲಿಂದಲೇ ಇದೆ. ನನಗೆ ಅದೇ ಸಾಕಾಯಿತು. ಸಿಮೆಟ್ರಿ ಸುಮ್ನೆ ತಲೆನೋವು.

ಹಳೇಕೋಡ್: ನಿಮ್ಮ ರಿಂಗ್‌ನಲ್ಲಿ ಸಿಮೆಟ್ರಿಯೇ ಕಡಿಮೆ, ಅದಕ್ಕೆ ಉಪಾಯವನ್ನು ದೂರಿದರೆ ಹೇಗೆ? ಪಾರ್ಷಿಯಲ್ ಆರ್ಡರ್ ಕೆಲಸಗಳ ಹಿಂದುಮುಂದನ್ನು ಕಡಿಮೆ ಮಾಡುತ್ತದೆ, ಸಿಮೆಟ್ರಿ ಒಂದೇ ತರದವರನ್ನು ಸೇರಿಸುತ್ತದೆ. ಎರಡನ್ನೂ ಒಟ್ಟಿಗೆ ಹಾಕಬಹುದು.

ಗಡಿಯಾರ: ಹಾಕಬಹುದು. ಆ ತಿಂಗಳನ್ನು ನನಗೆ ಯಾರು ವಾಪಸ್ ಕೊಡುತ್ತಾರೆ?

ತುಂಗಾತೀರ: ನನ್ನ ಚೂಸ್ ವಿಷಯ ಯಾರಾದರೂ ಹೇಳಿ.

ಸಾಗರದವಳು: ಚೂಸ್ ಯಾವಾಗಲೂ ಒಂದೇ ನೋಡನ್ನು ಆರಿಸುತ್ತದೆ. ಅಲ್ಲಿಗೆ ಸಿಮೆಟ್ರಿ ಮುರಿಯಿತು, ಹಾಕಬೇಡಿ. ಹಳೇಕೋಡ್ ಅವರೇ, ಆರ್ಬಿಟರ್ ಬದಲಾಯಿಸಿದ ಮೇಲೆ ನೀವು ಪರೀಕ್ಷಿಸಿದ್ದು ನಿಮ್ಮ ಚಿಪ್ ಅಲ್ಲ, ಅಲ್ವಾ?

ಹಳೇಕೋಡ್: ನಾನು ದಾರಿ ಜಾಸ್ತಿ ಮಾಡಿದೆ, ಕಡಿಮೆ ಮಾಡಲಿಲ್ಲ. ಅಷ್ಟೂ ದಾರಿಯಲ್ಲಿ ಎರಡು ಕ್ಯಾಷೆಗೆ ಒಟ್ಟಿಗೆ ಬರೆಯುವ ಹಕ್ಕು ಸಿಗಲಿಲ್ಲ ಅಂದರೆ ಚಿಪ್‌ನಲ್ಲಿ ಹೇಗೆ ಸಿಗುತ್ತದೆ?

ಸಾಗರದವಳು: ಆ ಜಾಸ್ತಿ ದಾರಿಗಳಲ್ಲಿ ಬಂದ ಸುಳ್ಳು ದೂರುಗಳನ್ನು ಸೋಸಿದವರು ಯಾರು?

ಹಳೇಕೋಡ್: ನಾನೇ. 14 ಬಂದವು. ಒಂದೊಂದನ್ನೂ ಕೈಯಲ್ಲಿ ಬರೆದು ನೋಡಿದ್ದೇನೆ.