ಏರಿ, ತೂಬು, ಕೋಡಿ: ನಿವೃತ್ತ ಅಧೀಕ್ಷಕ ಎಂಜಿನಿಯರ್ ಅವರೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕ: ಕೆರೆ, ಅಣೆಕಟ್ಟು, ನಾಲೆಗಳ ಕೆಲಸದಲ್ಲಿ ಮೇಲುಸ್ತುವಾರಿ ಮಾಡಿ ನಿವೃತ್ತರಾದ ಮೇಡಂ ಇಂದು ಸಂಜೆ ನಮ್ಮೊಂದಿಗಿದ್ದಾರೆ. ಒಬ್ಬರು ಒಂದು ಪ್ರಶ್ನೆ ಕೇಳಿ. ಬೇರೆ ಗುಂಪಿನಿಂದ ಬಂದ ವಿಡಿಯೊಗಳನ್ನು ಇಲ್ಲಿ ಹಾಕಬೇಡಿ.

ಡಿಪ್ಲೊಮಾ ವಿದ್ಯಾರ್ಥಿ: ನಮಸ್ಕಾರ ಮೇಡಂ. ಮಣ್ಣಿನ ಏರಿ ಕಟ್ಟುವಾಗ ಒಂದೊಂದು ಪದರ ಎಷ್ಟು ದಪ್ಪ ಇರಬೇಕು? ರೋಲರ್ ಎಷ್ಟು ಬಾರಿ ಓಡಬೇಕು?

ಮೇಡಂ: ನಮಸ್ಕಾರ. ಅದುಮಿದ ಮೇಲೆ 15 ಸೆಂ.ಮೀ. ಆಸುಪಾಸು ಇರಲಿ. ರೋಲರ್ ಎಷ್ಟು ಬಾರಿ ಎಂಬುದಕ್ಕೆ ಸಿದ್ಧ ಉತ್ತರ ಇಲ್ಲ. ಅದೇ ಮಣ್ಣಿನ ಮೇಲೆ ಅದೇ ರೋಲರನ್ನು ಮೊದಲು ಒಂದು ಪಟ್ಟಿಯಲ್ಲಿ ಓಡಿಸಿ, ಸಾಂದ್ರತೆ ಅಳೆದು ನಿರ್ಧರಿಸಬೇಕು. ಪ್ರಾಕ್ಟರ್ ಪರೀಕ್ಷೆಯ (ಮಣ್ಣು ಎಷ್ಟು ತೇವದಲ್ಲಿ ಎಷ್ಟು ಗಟ್ಟಿಯಾಗಿ ಅದುಮುತ್ತದೆ ಎಂದು ನೋಡುವ ಪ್ರಯೋಗಾಲಯ ಪರೀಕ್ಷೆ) ಗರಿಷ್ಠ ಒಣ ಸಾಂದ್ರತೆಯ ಶೇ 95ಕ್ಕಿಂತ ಕಡಿಮೆ ಬಂದರೆ ಆ ಪದರವನ್ನು ಕಿತ್ತು ಮತ್ತೆ ಹಾಕಿಸಿ. ತೇವ ಸರಿಯಿಲ್ಲದಿದ್ದರೆ ಎಷ್ಟು ಓಡಿಸಿದರೂ ಡೀಸೆಲ್ ದಂಡ.

ಹಸಿರು ಏರಿ: ಏರಿಯ ಮೇಲೆ ಮರ ನೆಟ್ಟರೆ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ ಅಲ್ಲವೇ ಮೇಡಂ?

ಮೇಡಂ: ಏರಿಯ ಮೇಲೆ ಮರ ಬೇಡ. ಹುಲ್ಲು ಸಾಕು.

ಹೊಸ ಸಹಾಯಕ ಎಂಜಿನಿಯರ್: ಮೇಡಂ, ನಾನು ನೋಡಿಕೊಳ್ಳುವ ಕೆರೆಯ ಏರಿ 9 ಮೀಟರ್ ಎತ್ತರ. ತೂಬಿನ ಪಕ್ಕ, ಏರಿಯ ಹೊರಬದಿಯ ಬುಡದಲ್ಲಿ ಮೊದಲಿನಿಂದಲೂ ಸ್ವಲ್ಪ ಜೌಗು ಇತ್ತು. ಸೋರಿಕೆ ಅಳೆಯಲು ಅಲ್ಲಿ 90 ಡಿಗ್ರಿ ವಿ-ನಾಚ್ ತಗಡು (V ಆಕಾರದ ಕಚ್ಚು ಇರುವ ತಗಡು) ಇಟ್ಟಿದ್ದೇವೆ. ಹೋದ ವಾರ ಕಚ್ಚಿನಲ್ಲಿ ನೀರಿನ ಎತ್ತರ 5 ಸೆಂ.ಮೀ. ಇತ್ತು, ಇಂದು 7. ಕೇವಲ 2 ಸೆಂ.ಮೀ. ಏರಿಕೆ, ಮಳೆಯೂ ಬಂದಿದೆ, ಹಾಗಾಗಿ ಸಹಜ ಇರಬಹುದು ಎಂದುಕೊಂಡಿದ್ದೇನೆ. ಬಣ್ಣ ಮಾತ್ರ ಕೊಂಚ ಕೆಂಪು. ಸೋರುವ ಬಾಯಿಗೆ ಸಿಮೆಂಟ್ ಗಾರೆ ಬಡಿದು ಮುಚ್ಚೋಣ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಸರಿಯೇ?

ಮೇಡಂ: ಮುಚ್ಚಬೇಡಿ. ಮೊದಲು ಅವರಿಗೆ ಕರೆ ಮಾಡಿ ನಿಲ್ಲಿಸಿ, ಆಮೇಲೆ ಮುಂದೆ ಓದಿ.

2 ಸೆಂ.ಮೀ. ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ವಿ-ನಾಚ್‌ನಲ್ಲಿ ಹರಿವು ಎತ್ತರದ ಎರಡೂವರೆ ಘಾತಕ್ಕೆ ಏರುತ್ತದೆ. 5 ಸೆಂ.ಮೀ. ಇದ್ದಾಗ ಸೆಕೆಂಡಿಗೆ ಸುಮಾರು 0.77 ಲೀಟರ್ ಬರುತ್ತಿತ್ತು. 7 ಸೆಂ.ಮೀ. ಆದಾಗ ಸುಮಾರು 1.8 ಲೀಟರ್. ಒಂದೇ ವಾರದಲ್ಲಿ ಸೋರಿಕೆ ಎರಡು ಪಟ್ಟು ದಾಟಿದೆ.

ಅದಕ್ಕಿಂತ ನನ್ನನ್ನು ಕಾಡುತ್ತಿರುವುದು ನೀವು ಕೊನೆಯಲ್ಲಿ ಬರೆದ ಕೆಂಪು ಬಣ್ಣ. ಮಣ್ಣಿನ ಏರಿ ಎಂದರೆ ಅಷ್ಟಿಷ್ಟು ಸೋರುತ್ತದೆ. ತಿಳಿನೀರು ಅಳತೆ ಬದಲಾಗದೆ ಸೋರುತ್ತಿದ್ದರೆ ನಾನು ನಿದ್ದೆಗೆಡುವುದಿಲ್ಲ. ಮಣ್ಣು ಹೊತ್ತು ಬರುವ ನೀರು ಬೇರೆ ಮಾತು. ಒಳಗೆ ಕೊಳವೆಯಂತೆ ದಾರಿ ಕೊರೆಯುತ್ತಿರಬಹುದು. ಅದು ಹೊರಬಾಯಿಯಲ್ಲಿ ಶುರುವಾಗಿ ಕೆರೆಯ ನೀರಿನ ಕಡೆಗೆ ಹಿಂದೆ ಹಿಂದೆ ಸರಿಯುತ್ತದೆ. ಕೆರೆಯ ನೀರಿಗೆ ತಲುಪಿದರೆ ಮುಂದಿನದಕ್ಕೆ ಕೆಲವೇ ಗಂಟೆ. ಅಮೆರಿಕದ ಇಡಾಹೊದಲ್ಲಿ ಟೀಟನ್ ಎಂಬ 93 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಮೊದಲ ಬಾರಿ ತುಂಬುತ್ತಿದ್ದಾಗ, 1976ರ ಜೂನ್ 5ರ ಬೆಳಿಗ್ಗೆ ಕೆಸರು ಸೋರಿಕೆ ಕಂಡಿತು. ರಂಧ್ರಕ್ಕೆ ಮಣ್ಣು ತಳ್ಳಲು ಹೋದ ಎರಡು ಬುಲ್ಡೋಜರ್‌ಗಳೇ ಒಳಗೆ ಜಾರಿದವು. ಮಧ್ಯಾಹ್ನ 12 ಗಂಟೆಯ ಒಳಗೆ ಅಣೆಕಟ್ಟು ಒಡೆದಿತ್ತು. 11 ಜನ ಸತ್ತರು.

ಗಾರೆ ಏಕೆ ಬೇಡ ಎಂದರೆ, ಹೊರಬಾಯಿ ಮುಚ್ಚಿದರೆ ನೀರು ಒಳಗೇ ನಿಂತು ಒತ್ತಡ ಏರುತ್ತದೆ, ಪಕ್ಕದಲ್ಲಿ ನಿಮಗೆ ಕಾಣದ ಇನ್ನೊಂದು ಬಾಯಿ ತೆರೆಯುತ್ತದೆ. ನಮಗೆ ಬೇಕಿರುವುದು ನೀರನ್ನು ಬಿಟ್ಟು ಮಣ್ಣನ್ನು ತಡೆಯುವುದು. ಅದಕ್ಕೆ ಫಿಲ್ಟರ್ ಹಾಕಬೇಕು: ಬಾಯಿಯ ಮೇಲೆ ಮೊದಲು ತೊಳೆದ ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಕೊನೆಗೆ ದಪ್ಪ ಕಲ್ಲು. ಸಿಕ್ಕ ಮರಳು ಸುರಿಯುವುದಲ್ಲ. ಮರಳಿನ ಶೇ 15ರಷ್ಟು ಭಾಗ ಯಾವ ಗಾತ್ರಕ್ಕಿಂತ ಸಣ್ಣದೋ ಆ ಗಾತ್ರ, ಏರಿಮಣ್ಣಿನ ಶೇ 85ರಷ್ಟು ಭಾಗ ಯಾವ ಗಾತ್ರಕ್ಕಿಂತ ಸಣ್ಣದೋ ಅದರ 4ರಿಂದ 5 ಪಟ್ಟಿನೊಳಗೆ ಇರಬೇಕು. ಟರ್ಜಾಗಿಯವರ ಈ ನಿಯಮವನ್ನು ನೀವು ಕಾಲೇಜಿನಲ್ಲಿ ಓದಿದ್ದೀರಿ.

ಈಗಲೇ ಒಂದು ಬಣ್ಣವಿಲ್ಲದ ಬಾಟಲಿಯಲ್ಲಿ ಆ ನೀರು ಹಿಡಿದು ಒಂದು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಏನು ನಿಂತಿತು ಎಂದು ಇಲ್ಲಿ ಬರೆಯಿರಿ. ಇನ್ನೊಂದು ಪ್ರಶ್ನೆ: ತೂಬಿನ ಹತ್ತಿರ ಇತ್ತೀಚೆಗೆ ಏನಾದರೂ ಅಗೆದಿದ್ದಿರಾ?

ಎಲ್ಲಾ ಗುಂಪಿನ ಸದಸ್ಯ: ಮೇಡಂ, ಇದಕ್ಕೆ ಸುಲಭ ಉಪಾಯ ಇದೆ. ಉಪ್ಪು, ಸುಣ್ಣ, ಬೆಂಟೊನೈಟ್ (ನೀರು ಕುಡಿದು ಉಬ್ಬುವ ಜೇಡಿಮಣ್ಣು) ಕಲಸಿ ಸೋರುವ ಜಾಗಕ್ಕೆ ತುರುಕಿದರೆ ಹತ್ತು ನಿಮಿಷದಲ್ಲಿ ನಿಲ್ಲುತ್ತದೆ. ವಿಡಿಯೊ ಕಳುಹಿಸಿದ್ದೇನೆ, ಲಕ್ಷಾಂತರ ಜನ ನೋಡಿದ್ದಾರೆ.

ಮೇಡಂ: ಹತ್ತು ನಿಮಿಷದ ನಂತರ ಏನಾಯಿತು ಎಂಬುದು ಆ ವಿಡಿಯೊದಲ್ಲಿ ಇಲ್ಲ. ಬೆಂಟೊನೈಟ್ ಒಳ್ಳೆಯ ವಸ್ತು. ನೀರಿನ ಬದಿಯಲ್ಲಿ, ವಿನ್ಯಾಸ ಮಾಡಿ ಬಳಸುತ್ತೇವೆ. ಹೊರಬದಿಯಲ್ಲಿ ತುರುಕಿದರೆ ಅದು ಗಾರೆ ಬಡಿದಂತೆಯೇ. ದಯವಿಟ್ಟು ಅಳಿಸಿ.

ಕೊನೆಯ ಭಾಗದ ರೈತ: ನಮ್ಮ ಗದ್ದೆಗೆ ನೀರು ತಲುಪುವುದೇ ಇಲ್ಲ. ಕೋಡಿಯ ಮೇಲೆ ಎರಡು ಅಡಿ ಕಲ್ಲು ಕಟ್ಟಿದರೆ ಇನ್ನಷ್ಟು ನೀರು ನಿಲ್ಲುತ್ತದೆ. ಇಲಾಖೆಯವರು ಏಕೆ ಬಿಡುವುದಿಲ್ಲ?

ಮೇಡಂ: ನಿಮ್ಮ ಕಷ್ಟ ನನಗೆ ಗೊತ್ತು, ಆದರೆ ಕೋಡಿ ಕಟ್ಟಬೇಡಿ. ದೊಡ್ಡ ಮಳೆಯ ನೀರು ಹೋಗಬೇಕಾದ ಬಾಗಿಲು ಅದು. ನೀವು ಏರಿಸುವ ಎರಡು ಅಡಿ, ನೀರಿಗೂ ಏರಿಯ ನೆತ್ತಿಗೂ ನಡುವೆ ಬಿಟ್ಟ ಅಂತರದಿಂದಲೇ ಬರುತ್ತದೆ. ನೀರು ಮಣ್ಣಿನ ಏರಿಯ ಮೇಲೆ ಹತ್ತಿದರೆ ಏರಿ ಉಳಿಯುವುದಿಲ್ಲ. ಗುಜರಾತಿನ ಮಚ್ಚು-2 ಅಣೆಕಟ್ಟಿನಲ್ಲಿ 1979ರ ಆಗಸ್ಟ್ 11ರಂದು ಆದದ್ದು ಅದೇ. ಬಾಗಿಲುಗಳ ಶಕ್ತಿ ಮೀರಿ ಬಂದ ಪ್ರವಾಹ ಎರಡೂ ಬದಿಯ ಮಣ್ಣಿನ ಏರಿಗಳ ಮೇಲೆ ಹರಿದು, ಕೆಳಗಿನ ಮೋರ್ಬಿ ಪಟ್ಟಣ ಮುಳುಗಿತು.

ಕೊನೆಯ ಭಾಗದ ರೈತ: ಹಾಗಾದರೆ ನಮ್ಮ ನೀರಿಗೆ ದಾರಿ ಏನು?

ಹಸಿರು ಏರಿ: ಮರ ಬೇಡ ಎಂದು ಒಂದೇ ಸಾಲಿನಲ್ಲಿ ಹೇಳಿಬಿಟ್ಟಿರಿ. ನೂರಾರು ವರ್ಷ ಹಳೆಯ ಏರಿಗಳ ಮೇಲೆ ದೊಡ್ಡ ಮರಗಳಿವೆ. ಅವು ಒಡೆದಿಲ್ಲವಲ್ಲ?

ಗುತ್ತಿಗೆದಾರ: ಮರ ಇದ್ದರೆ ಬೇರಿನ ಸಂದಿಯಲ್ಲಿ ಹೆಗ್ಗಣ ಸೇರುತ್ತದೆ. ಹೆಗ್ಗಣದ ಬಿಲಕ್ಕೆ ಕೊನೆಗೆ ಬೈಗುಳ ತಿನ್ನುವವರು ನಾವು.

ಹಸಿರು ಏರಿ: ಬೈಗುಳ ತಿನ್ನುವುದು ಮಣ್ಣಿನಲ್ಲಿ ಕಳಪೆ ಮಾಡುವುದರಿಂದ. ಮರದ ತಲೆಗೆ ಕಟ್ಟಬೇಡಿ.

ಗುತ್ತಿಗೆದಾರ: ಮಾತಿನ ಮೇಲೆ ಹಿಡಿತ ಇರಲಿ. ನೀವು ಒಂದು ದಿನವಾದರೂ ಏರಿಯ ಕೆಲಸದಲ್ಲಿ ನಿಂತಿದ್ದೀರಾ?

ಇನ್ನೊಬ್ಬ ಸದಸ್ಯ: ಕಳಪೆ ಎಲ್ಲ ಕಡೆಯೂ ಇದೆ. ತುಂಗಭದ್ರಾದ 19ನೇ ಗೇಟ್ ಕೊಚ್ಚಿಹೋದಾಗ ಎಂಜಿನಿಯರುಗಳು ಏನು ಮಾಡುತ್ತಿದ್ದರು?

ನಾಲೆ ವಿಭಾಗದವನು: 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿದ್ದು ಎಲ್ಲರಿಗೂ ಗೊತ್ತು. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ಒಂದರ ಮೇಲೊಂದು ಇಳಿಸುವ ತಡೆ ಹಲಗೆ) ಇಳಿಸಿ ನಿಲ್ಲಿಸಿದವರೂ ಎಂಜಿನಿಯರುಗಳು ಮತ್ತು ಕೂಲಿಯವರೇ. ಅದನ್ನೂ ಹೇಳಿ.

ಇನ್ನೊಬ್ಬ ಸದಸ್ಯ: ತುಂಡಾಗುವವರೆಗೆ ನೋಡದೆ ಇದ್ದವರು ಯಾರು? ಅದನ್ನು ನೀವು ಹೇಳಿ.

ನಿರ್ವಾಹಕ: ಇಬ್ಬರೂ ನಿಲ್ಲಿಸಿ.

ಮೇಡಂ: ಮರದ ವಿಷಯ ಕೊನೆಯ ಬಾರಿ ಹೇಳುತ್ತೇನೆ. ಹಳೆಯ ಅಗಲವಾದ ಏರಿಯಲ್ಲಿ ಮರ ಬದುಕಿದೆ ಎಂದರೆ ಏರಿ ಅದನ್ನು ತಾಳಿಕೊಂಡಿದೆ ಎಂದಷ್ಟೇ ಅರ್ಥ. ಆ ಮರಗಳನ್ನು ಸುಮ್ಮನೆ ಕಡಿಯಲೂಬೇಡಿ. ಕಾಂಡ ಕಡಿದು ಬೇರು ಬಿಟ್ಟರೆ ಅದು ಕೊಳೆತು ನೀರಿಗೆ ಸಿದ್ಧ ಕೊಳವೆ ಆಗುತ್ತದೆ. ಕೆರೆ ಖಾಲಿ ಇದ್ದಾಗ ಬೇರು ಸಹಿತ ತೆಗೆದು, ಗುಂಡಿಗೆ ಪದರ ಪದರವಾಗಿ ಮಣ್ಣು ಹಾಕಿ ಅದುಮಬೇಕು.

ಪಂಚಾಯಿತಿ ಸದಸ್ಯ: ಅಣೆಕಟ್ಟು ಸುರಕ್ಷತಾ ಕಾಯ್ದೆ ಸಣ್ಣ ಕೆರೆಗಳಿಗೆ ಅನ್ವಯಿಸುವುದಿಲ್ಲವಂತೆ. ಹಾಗಾದರೆ ತಪಾಸಣೆ ಕಡ್ಡಾಯವಲ್ಲ ತಾನೇ?

ಮೇಡಂ: 2021ರ ಕಾಯ್ದೆ 15 ಮೀಟರ್ ಮೀರಿದವಕ್ಕೆ, ಕೆಲವು ಷರತ್ತುಗಳಿದ್ದರೆ 10ರಿಂದ 15 ಮೀಟರ್‌ನವಕ್ಕೆ. ಕಾಯ್ದೆ ಹೇಳದಿದ್ದರೂ ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಏರಿಯ ಬುಡದಲ್ಲಿ ಪೂರ್ತಿ ನಡೆದು ನೋಡಿ. ಕೆಳಗಿರುವ ಮನೆಗಳು ನಿಮ್ಮವೇ.

ನೀರಗಂಟಿ: ಕುಡಿಯುವ ನೀರಿನ ಟ್ಯಾಂಕಿಗೆ ಕ್ಲೋರಿನ್ ಎಷ್ಟು ಹಾಕಬೇಕು ಮೇಡಂ?

ಡಿಪ್ಲೊಮಾ ವಿದ್ಯಾರ್ಥಿ: ಮೇಡಂ, ರೋಲರ್ ಎಷ್ಟು ಬಾರಿ ಎಂಬ ಸಂಖ್ಯೆ ಬೇಕಿತ್ತು. ಪರೀಕ್ಷೆಗೆ.

ಮೇಡಂ: ಮೇಲೆ ಬರೆದಿದ್ದೇನೆ.

ಹೊಸ ಸಹಾಯಕ ಎಂಜಿನಿಯರ್: ಮೇಡಂ, ಗಾರೆ ಕೆಲಸ ನಿಲ್ಲಿಸಿದೆ. ಬಾಟಲಿಯ ತಳದಲ್ಲಿ ಅರ್ಧ ಬೆರಳಿನಷ್ಟು ನುಣ್ಣನೆಯ ಕೆಂಪು ಮಣ್ಣು ನಿಂತಿದೆ. ನೀವು ಕೇಳಿದ್ದಕ್ಕೆ ಉತ್ತರ: ಎರಡು ವರ್ಷದ ಹಿಂದೆ ತೂಬಿನ ಹಳೆಯ ಕಲ್ಲುಮೋರಿ ತೆಗೆದು ಸಿಮೆಂಟ್ ಕೊಳವೆ ಹಾಕಿದರು. ಮಣ್ಣು ತುಂಬಿದ ಮೂರು ದಿನ ನಾನು ಬೇರೆ ಕೆಲಸದ ಸ್ಥಳದಲ್ಲಿದ್ದೆ. ಅಳತೆ ಪುಸ್ತಕದಲ್ಲಿ ಸಹಿ ನನ್ನದೇ ಇದೆ.

ಮೇಡಂ: ಇದನ್ನು ಹೇಳಿದ್ದು ಒಳ್ಳೆಯದಾಯಿತು. ಬಹುಶಃ ನೀರು ಹಿಡಿದಿರುವ ದಾರಿಯೂ ಅದೇ. ದುಂಡನೆಯ ಕೊಳವೆಯ ಕೆಳಗಿನ ಎರಡು ಕಂಕುಳಿಗೆ ರೋಲರ್ ಹೋಗುವುದಿಲ್ಲ. ಕೈದಿಮ್ಮಸಿನಲ್ಲಿ ತೆಳು ಪದರಗಳಾಗಿ ತೇವ ನೋಡಿ ಬಡಿಯದಿದ್ದರೆ ಅಲ್ಲಿ ಮಣ್ಣು ಸಡಿಲ ಉಳಿಯುತ್ತದೆ, ಕೊಳವೆಯ ಹೊರಮೈ ಹಿಡಿದು ನೀರು ನಡೆಯುತ್ತದೆ. ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಕಣ್ಣಿನಿಂದ ನೋಡಿ ಅಳೆಯಬೇಕು ಎಂಬ ನಿಯಮ ಇರುವುದು ಇದಕ್ಕಾಗಿ. ಕಾಣದ ಅಳತೆಗೆ ಸಹಿ ಹಾಕಿ ಎಂದು ಮೇಲಿನವರು ಫೋನಿನಲ್ಲಿ ಹೇಳಿದಾಗ ನನ್ನ ಕೈ ಕೂಡ ಒಮ್ಮೆ ನಡುಗಿತ್ತು. ಲಿಖಿತವಾಗಿ ಕೊಡಿ ಎಂದು ಕೇಳಿದೆ. ಅದು ಬರಲಿಲ್ಲ, ನಾನು ಸಹಿ ಹಾಕಲಿಲ್ಲ.

ಆ ಮಾತು ಆಮೇಲೆ. ಈಗ ಕಾರ್ಯನಿರ್ವಾಹಕ ಎಂಜಿನಿಯರ್ ಅವರಿಗೆ ಕರೆ ಮಾಡಿ, ನಂತರ ಬರಹದಲ್ಲೂ ಕಳುಹಿಸಿ. ಎರಡು ವರ್ಷದ ಹಿಂದಿನ ವಿಷಯವನ್ನೂ ಬರೆಯಿರಿ. ದುರಸ್ತಿ ಮಾಡುವವರಿಗೆ ಅದು ಗೊತ್ತಿಲ್ಲದಿದ್ದರೆ ತಪ್ಪು ಜಾಗ ಅಗೆಯುತ್ತಾರೆ. ಕೆಳಗಿನ ಮನೆಗಳವರಿಗೆ ಇಂದು ರಾತ್ರಿಯೇ ತಿಳಿಸಲು ತಹಶೀಲ್ದಾರರಿಗೆ ಹೇಳಿಸಿ.

ನೀರಿನ ಮಟ್ಟ ಇಳಿಸಬೇಕು, ಆದರೆ ಆ ತೂಬನ್ನು ಪೂರ್ತಿ ಎತ್ತಬೇಡಿ. ಕೊಳವೆಯ ಜೋಡಣೆ ಬಿಟ್ಟಿದ್ದರೆ ಒಳಗಿನ ನೀರೇ ಏರಿಯ ಮಣ್ಣಿಗೆ ನುಗ್ಗುತ್ತದೆ. ಕೋಡಿಯ ಹಲಗೆ ತೆಗೆಯಿರಿ, ಏರಿಯ ಮೇಲಿಂದ ಸೈಫನ್ ಕೊಳವೆ ಹಾಕಿ. ಮಾಮೂಲಿ ಸ್ಥಿತಿಯಲ್ಲಿ ನಿಧಾನವಾಗಿ ಇಳಿಸಿ ಎನ್ನುತ್ತೇನೆ, ಏಕೆಂದರೆ ನೆನೆದ ಒಳಬದಿಯ ಮಣ್ಣು ನೀರಿನ ಆಸರೆ ತಪ್ಪಿದರೆ ಜಾರುತ್ತದೆ. ಸೋರಿಕೆ ಇನ್ನೂ ಏರಿದರೆ ಆ ಎಚ್ಚರಿಕೆಯನ್ನು ಬದಿಗಿಟ್ಟು ಆದಷ್ಟು ಬೇಗ ಇಳಿಸಿ. ಮರಳು ಎಷ್ಟು ಹೊತ್ತಿಗೆ ಬರುತ್ತದೆ?

ಎಲ್ಲಾ ಗುಂಪಿನ ಸದಸ್ಯ: ಬೆಂಟೊನೈಟ್ ಒಮ್ಮೆ ಪ್ರಯತ್ನಿಸಿ ನೋಡಬಹುದಿತ್ತು.

ಮೇಡಂ: ನಿರ್ವಾಹಕರೇ, ಇವರನ್ನು ಇಂದು ರಾತ್ರಿಯ ಮಟ್ಟಿಗೆ ತಡೆಯಿರಿ. ಒಬ್ಬ ಹುಡುಗ ಏರಿಯ ಬುಡದಲ್ಲಿ ನಿಂತಿದ್ದಾನೆ.

ಕೊನೆಯ ಭಾಗದ ರೈತ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಹೊಸ ಸಹಾಯಕ ಎಂಜಿನಿಯರ್ (ಬೆಳಿಗ್ಗೆ 6.10): ಕಾರ್ಯನಿರ್ವಾಹಕ ಎಂಜಿನಿಯರ್ ರಾತ್ರಿ 11ಕ್ಕೆ ಬಂದರು. ಫಿಲ್ಟರ್ ಹಾಕಿದ್ದೇವೆ. ನಾಲ್ಕು ಸೈಫನ್ ಓಡುತ್ತಿವೆ, ಮಟ್ಟ 11 ಸೆಂ.ಮೀ. ಇಳಿದಿದೆ. ವಿ-ನಾಚ್ 6.5. ಬಾಟಲಿಯ ತಳದಲ್ಲಿ ಈಗ ಮಣ್ಣು ಕಾಣುತ್ತಿಲ್ಲ. ಕೆಲಸಗಾರರನ್ನು ಮನೆಗೆ ಕಳುಹಿಸಬಹುದೇ?

ಮೇಡಂ: ಬೇಡ. ಅರ್ಧ ಜನ ಮಲಗಲಿ, ಅರ್ಧ ಜನ ಇರಲಿ. ಏರಿಯ ನೆತ್ತಿಯ ಮೇಲೆ ತೂಬಿನ ನೇರಕ್ಕೆ ಕುಸಿತವೋ ಬಿರುಕೋ ಇದೆಯೇ ಎಂದು ಬೆಳಕಿನಲ್ಲಿ ನಡೆದು ನೋಡಿ. ಗಂಟೆಗೊಮ್ಮೆ ವಿ-ನಾಚ್ ಎತ್ತರ, ಗಂಟೆಗೊಮ್ಮೆ ಬಾಟಲಿ. ಸೋರಿಕೆ ಒಮ್ಮೆಲೇ ನಿಂತರೂ ನನಗೆ ಕರೆ ಮಾಡಿ. ಒಳಗೆ ಮಣ್ಣು ಕುಸಿದು ದಾರಿ ಮುಚ್ಚಿರಬಹುದು, ಅದು ಮತ್ತೆ ತೆರೆಯುತ್ತದೆ. 7 ಗಂಟೆಯ ಅಳತೆ ಬರೆಯಿರಿ, ಕಾಯುತ್ತಿದ್ದೇನೆ.