ಗಂಡನನ್ನು ಸೆಳೆದವಳ ಮೇಲೆ ದಾವೆ ಹಾಕಬಹುದಾ? ಬೆಳಗಾವಿ ಗುಂಪಿನ ‘ವಕೀಲರನ್ನು ಕೇಳಿ’

ಗೋಕಾಕದ ಸದಸ್ಯೆ: ನಮಸ್ಕಾರ ವಕೀಲರೇ. ಮದುವೆಯಾಗಿ 11 ವರ್ಷ, ಇಬ್ಬರು ಮಕ್ಕಳು. ನಮ್ಮ ಮನೆಯವರು ಈಗ ಜೊತೆಗೆ ಕೆಲಸ ಮಾಡುವವಳ ಮನೆಯಲ್ಲೇ ಇದ್ದಾರೆ. ಖರ್ಚಿಗೂ ಕೊಡುತ್ತಿಲ್ಲ. ಗಂಡನನ್ನು ಸೆಳೆದ ಅಂಥವರಿಂದ ಪರಿಹಾರ ಕೇಳಬಹುದು ಅಂತ ದಿಲ್ಲಿ ಕೋರ್ಟ್ ಹೇಳಿದೆಯಂತೆ. ನಾನೂ ಕೇಳಬಹುದಾ? ಅವಳ ಫೋಟೊ ಸ್ಟೇಟಸ್‌ಗೆ ಹಾಕ್ತೀನಿ ಅಂತ ನಮ್ಮಣ್ಣ ಕೂತಿದ್ದಾನೆ.

ವಕೀಲರು: ತಂಗೀ, ಮೊದಲು ಅಣ್ಣನನ್ನು ತಡೆಯಿರಿ. ಫೋಟೊ ಹಾಕಿದರೆ ಮಾನನಷ್ಟದ ಕೇಸ್ ಅವರ ಮೇಲೇ ಬೀಳಬಹುದು.

2025ರ ಸೆಪ್ಟೆಂಬರ್‌ನಲ್ಲಿ ದಿಲ್ಲಿ ಹೈಕೋರ್ಟ್ ಇಂಥ ಒಂದು ದಾವೆಯಲ್ಲಿ ಸಮನ್ಸ್ ಕೊಟ್ಟಿತು. ಸಿವಿಲ್ ಕೋರ್ಟಿನಲ್ಲಿ ಇದು ನಡೆಯಬಹುದು ಎಂದಿತು. ಅಷ್ಟೇ. ಆ ಆದೇಶದಲ್ಲಿ ಪರಿಹಾರ ಕೊಡಿಸಿಲ್ಲ. ಇದಕ್ಕೆಂದೇ ನಮ್ಮಲ್ಲಿ ಕಾಯ್ದೆ ಇಲ್ಲ. ಇಂಗ್ಲೆಂಡಿನ ಹಳೇ ಕಾನೂನಿನಿಂದ ಬಂದ ವಿಚಾರ, ಅವರೇ 1970ರಲ್ಲಿ ಕೈಬಿಟ್ಟರು. ಅಮೆರಿಕದಲ್ಲಿ ನಾರ್ತ್ ಕ್ಯಾರೊಲಿನಾದಂಥ ಕೆಲವೇ ರಾಜ್ಯಗಳಲ್ಲಿ ಉಳಿದಿದೆ. ದಿಲ್ಲಿ ಆದೇಶವನ್ನು ಇಲ್ಲಿನ ಕೋರ್ಟಿಗೆ ತೋರಿಸಬಹುದು, ಅವರು ಒಪ್ಪಲೇಬೇಕೆಂದಿಲ್ಲ.

ಅವಳು ಬೇಕೆಂದೇ ಸಂಸಾರ ಕೆಡಿಸಿದಳು ಅಂತ ನೀವು ತೋರಿಸಬೇಕು. ಗಂಡ ತಾನಾಗಿಯೇ ಹೋದ ಎಂದಾದರೆ ದಾವೆ ನಿಲ್ಲುವುದು ಕಷ್ಟ. ವರ್ಷಗಟ್ಟಲೆ ನಡೆಯುವ ಈ ದಾವೆ ನಂಬಿ ಕೂರಬೇಡಿ. ಮಕ್ಕಳ ಫೀಸು, ರೇಷನ್ನು ಈ ತಿಂಗಳೇ ಬೇಕಲ್ವಾ? ಜೀವನಾಂಶಕ್ಕೆ ಈಗಲೇ ಅರ್ಜಿ ಹಾಕಿ, ಮಧ್ಯಂತರ ಜೀವನಾಂಶವನ್ನೂ ಕೇಳಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲೂ ಖರ್ಚು, ಮನೆ ಕೇಳಬಹುದು. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಉಚಿತ, ಆದಾಯದ ಮಿತಿ ಇಲ್ಲ. 15100ಕ್ಕೆ ಫೋನ್ ಮಾಡಿ. ಮನೆ ಬಿಟ್ಟು ತವರಿಗೆ ಬಂದಿದ್ದೀರಾ? ಅದನ್ನು ತಿಳಿಸಿ.

ಅಥಣಿ ಸದಸ್ಯ: ‘ವ್ಯಭಿಚಾರದ ಕಲಂ 497ರಲ್ಲಿ ಇಬ್ಬರಿಗೂ 5 ವರ್ಷ ಜೈಲು, ತಕ್ಷಣ ಎಫ್‌ಐಆರ್ ಮಾಡಿಸಿ.’ ಎಲ್ಲರಿಗೂ ಶೇರ್ ಮಾಡಿ.

ವಕೀಲರು: ಶೇರ್ ಮಾಡಬೇಡಿ! 497 ಅನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದೇ ತೆಗೆದುಹಾಕಿದೆ. ಅದು ಇದ್ದಾಗಲೂ ಹೆಂಗಸಿಗೆ ಶಿಕ್ಷೆ ಇರಲಿಲ್ಲ, ಹೆಂಡತಿ ದೂರು ಕೊಡುವಂತೆಯೂ ಇರಲಿಲ್ಲ.

ಹುಕ್ಕೇರಿ ಸದಸ್ಯ: ಹೆಂಡತಿ ಹೋದರೆ ಗಂಡನೂ ಇಂಥ ದಾವೆ ಹಾಕಬಹುದಾ?

ವಕೀಲರು: ಹಾಕಬಹುದು. ಅವರಿಗೂ ಇಷ್ಟೇ ಕಷ್ಟ ಇದೆ.

ರಾಮದುರ್ಗದ ಸದಸ್ಯೆ: ತಾಳಿ ಕಟ್ಟಿದವನು ಗಂಡ. ಅವನನ್ನು ಬಿಟ್ಟು ಆ ಹುಡುಗಿ ಮೇಲೆ ಯಾಕೆ ದಾವೆ?

ಅಥಣಿ ಸದಸ್ಯ: ಮದುವೆಯಾದವನು ಅಂತ ಗೊತ್ತಿದ್ದೂ ಬಂದವಳಿಗೆ ಏನೂ ಇಲ್ವಾ ಅಕ್ಕಾವ್ರೆ?

ರಾಮದುರ್ಗದ ಸದಸ್ಯೆ: ನಿಮ್ಮ ಮನೆ ಗಂಡಸು ಹೋದರೂ ಹೆಣ್ಣನ್ನೇ ಬೈತೀರಾ?

ಅಥಣಿ ಸದಸ್ಯ: ನಮ್ಮ ಮನೆ ಸುದ್ದಿ ತೆಗೀಬೇಡಿ.

ಸವದತ್ತಿ ಸದಸ್ಯ: ಮುಸ್ಲಿಂ ಮದುವೆಗೂ ಇದು ಅನ್ವಯ ಆಗುತ್ತಾ ಸರ್?

ಬೈಲಹೊಂಗಲದ ಸದಸ್ಯ: ಸರ್, ಹೆಂಡತಿಗೆ ಕಿರುಕುಳ ಅಂತ 498ಎ (ಈಗ ಭಾರತೀಯ ನ್ಯಾಯ ಸಂಹಿತೆಯ 85) ಹಾಕಿ ಅವಳನ್ನೂ ಸೇರಿಸಿದರೆ?

ವಕೀಲರು: ಆಗಲ್ಲ. ಆ ಕಲಂ ಗಂಡ ಮತ್ತು ಅವನ ಸಂಬಂಧಿಕರ ಮೇಲೆ ಮಾತ್ರ. ಗಂಡನ ಪ್ರೇಯಸಿ ಅದರಲ್ಲಿ ‘ಸಂಬಂಧಿ’ ಅಲ್ಲ, 2009ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಅಥಣಿ ಸದಸ್ಯ: ಬಾಂಡ್ ಪೇಪರ್ ಮೇಲೆ ಬರೆಸಿಕೊಂಡು ಬಿಡುಗಡೆ (ವಿಚ್ಛೇದನ) ಮಾಡಿಸಿದರೆ ಮುಗೀತು. ಫಾರ್ಮ್ಯಾಟ್ ಕಳಿಸ್ತೀನಿ.

ವಕೀಲರು: ಬೇಡ ಅಂದೆ. ಅಂಥ ಕಾಗದ ನಂಬಿ ಎರಡನೇ ಮದುವೆಯಾದರೆ 7 ವರ್ಷದವರೆಗೆ ಜೈಲಿಗೆ ದಾರಿ. ಇನ್ನೊಂದು ಫಾರ್ವರ್ಡ್ ಹಾಕಿದರೆ ನಿಮ್ಮನ್ನು ಗುಂಪಿನಿಂದ ತೆಗೆಯಲು ಅಡ್ಮಿನ್‌ಗೆ ಹೇಳುತ್ತೇನೆ.

ಹುಕ್ಕೇರಿ ಸದಸ್ಯ: ಗಂಡನೂ ಹಾಕಬಹುದಾ ಅಂತ ಕೇಳಿದ್ದೆ?

ವಕೀಲರು: ಮೇಲೆ ಓದಿ.

ಗೋಕಾಕದ ಸದಸ್ಯೆ: ತವರಿಗೆ ಬಂದಿಲ್ಲ ಸರ್, ಅತ್ತೆ ಮನೆಯಲ್ಲೇ ಇದ್ದೇನೆ. ಖಾಲಿ ಮಾಡು ಅಂತಿದ್ದಾರೆ.

ವಕೀಲರು: ಖಾಲಿ ಮಾಡಬೇಡಿ. ಯಾವುದಕ್ಕೂ ಸಹಿ ಹಾಕಬೇಡಿ. ಮದುವೆ ಫೋಟೊ, ರೇಷನ್ ಕಾರ್ಡ್, ಮಕ್ಕಳ ಜನನ ಪತ್ರ ತೆಗೆದುಕೊಂಡು ನಾಳೆಯೇ ಗೋಕಾಕ ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ.